ಬರೆದಿಟ್ಟ ಮಾತು, ಕಟ್ಟಿಬರುವ ಗಂಟಲು: ಸ್ಪ್ರಿಂಗ್‌ಸ್ಟೀನ್ ವೇದಿಕೆಯ ಕಥೆಗಳ ಬಗ್ಗೆ

ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರು ಮೊದಲೇ ಬರೆದಿಟ್ಟ ಮಾತುಗಳನ್ನೇ ದಿನವೂ ಹೇಳುತ್ತಿದ್ದರು, ಹಾಗಿರುವಾಗ ಅಪ್ಪನ ಕಥೆ ಹೇಳುವಾಗ ಅವರ ಗಂಟಲು ಕಟ್ಟಿಬರುವುದನ್ನು ನಟನೆ ಎನ್ನಬೇಕಲ್ಲವೇ ಎಂದು ನೀವು ಕೇಳಿದ್ದೀರಿ. ನಟನೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದಕ್ಕೆ ಆಧಾರವನ್ನು ಆ ಒಂದು ಪ್ರದರ್ಶನದೊಳಗೆ ಹುಡುಕಿದರೆ ಸಿಗುವುದಿಲ್ಲ. ತಮ್ಮ ಬದುಕಿನ ಕೆಲವೇ ಘಟನೆಗಳನ್ನು ಅವರು ಮೂವತ್ತು ವರ್ಷಗಳಿಗೂ ಮೀರಿದ ಅವಧಿಯಲ್ಲಿ, ಬೇರೆ ಬೇರೆ ವಯಸ್ಸಿನಲ್ಲಿ ನಿಂತು ಹೇಗೆ ಹೇಳುತ್ತ ಬಂದಿದ್ದಾರೆ ಎಂಬುದನ್ನು ಒಟ್ಟಿಗೆ ಇಟ್ಟು ಕೇಳಬೇಕಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 1985ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲೀಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ 'ದಿ ರಿವರ್' ಹಾಡಿಗೆ ಮೊದಲು ಅವರು ಹೇಳಿದ ಕಥೆ. ಮರುವರ್ಷ ಬಂದ ಅವರ ನೇರ ಕಾರ್ಯಕ್ರಮಗಳ ಸಂಗ್ರಹದಲ್ಲಿ ಅದು ಪೂರ್ತಿಯಾಗಿ ಇದೆ. ಹಿನ್ನೆಲೆಯಲ್ಲಿ ವಾದ್ಯ ಮೆಲ್ಲಗೆ ನುಡಿಯುತ್ತಿರುತ್ತದೆ. ಭುಜದಿಂದ ಕೆಳಗಿಳಿದ ಕೂದಲು ಬಿಟ್ಟ ಹದಿನೇಳು ಹದಿನೆಂಟರ ಹುಡುಗನಿಗೂ ಅಪ್ಪನಿಗೂ ದಿನನಿತ್ಯ ಜಗಳ. ಚಳಿಗಾಲದ ರಾತ್ರಿ ಹುಡುಗ ಮನೆಗೆ ಹೋಗಲು ಧೈರ್ಯವಿಲ್ಲದೆ ಬೀದಿಯ ಟೆಲಿಫೋನ್ ಬೂತಿನೊಳಗೆ ನಿಂತು, ಗೆಳತಿಯೊಂದಿಗೆ ಗಂಟೆಗಟ್ಟಲೆ ಮಾತನಾಡಿ, ಕೊನೆಗೆ ಕೂದಲನ್ನು ಕಾಲರಿನೊಳಗೆ ತುರುಕಿಕೊಂಡು ಒಳಗೆ ಬರುತ್ತಾನೆ. ಅಪ್ಪ ಅಡುಗೆಮನೆಯಲ್ಲಿ ಕಾದು ಕುಳಿತಿರುತ್ತಾರೆ. ಮೋಟರ್‌ಸೈಕಲ್ ಅಪಘಾತವಾಗಿ ಮಗ ಹಾಸಿಗೆ ಹಿಡಿದಾಗ ಅವರು ಕ್ಷೌರಿಕನನ್ನು ಕರೆಸಿ ಅವನ ಕೂದಲು ಕತ್ತರಿಸಿಬಿಡುತ್ತಾರೆ. ನಿನ್ನನ್ನು ಸೇನೆಯವರು ಕರೆದುಕೊಂಡು ಹೋದ ದಿನವೇ ನೀನು ಮನುಷ್ಯನಾಗುವುದು ಎಂಬುದು ಅವರ ಮಾಮೂಲಿ ಮಾತು.

ಅದು ವಿಯೆಟ್ನಾಂ ಯುದ್ಧದ ಕಾಲ. ಸೇನೆಗೆ ಕಡ್ಡಾಯ ಭರ್ತಿಯ ಆದೇಶ ಬಂದಾಗ ಮಗ ಅದನ್ನು ಮನೆಯಲ್ಲಿ ಹೇಳದೆ ಬಚ್ಚಿಡುತ್ತಾನೆ, ಗೆಳೆಯರೊಂದಿಗೆ ಬಸ್ಸು ಹತ್ತಿ ದೇಹಪರೀಕ್ಷೆಗೆ ಹೋಗುತ್ತಾನೆ, ಅನುತ್ತೀರ್ಣನಾಗುತ್ತಾನೆ. ಇಲ್ಲಿ ಕ್ರೀಡಾಂಗಣದ ಜನ ಹೋ ಎಂದು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ತಟ್ಟುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಅವರು ತಣ್ಣಗೆ ತಡೆಯುತ್ತಾರೆ. ಆ ಒಂದು ತಡೆ ಇಲ್ಲದಿದ್ದರೆ ಮುಂದಿನ ಮಾತಿಗೆ ಜಾಗವೇ ಇರುತ್ತಿರಲಿಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಮೂರು ದಿನಗಳ ಮೇಲೆ ಮನೆಗೆ ಬಂದ ಮಗನನ್ನು ಅಪ್ಪ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾರೆ. ದೇಹಪರೀಕ್ಷೆಗೆ, ಅನ್ನುತ್ತಾನೆ. ಏನಾಯಿತು? ನನ್ನನ್ನು ತೆಗೆದುಕೊಳ್ಳಲಿಲ್ಲ. ಅಪ್ಪ ಅನ್ನುವುದು ಇಷ್ಟೇ: ಒಳ್ಳೆಯದಾಯಿತು.

ಅಷ್ಟಕ್ಕೇ ಕಥೆ ನಿಲ್ಲುತ್ತದೆ, ಮೌತ್ ಆರ್ಗನ್ ಏಳುತ್ತದೆ. ಅಪ್ಪ ತನ್ನನ್ನು ಪ್ರೀತಿಸುತ್ತಿದ್ದರು ಎಂದು ಅವರು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಆ ಹಾಡಿನ ಹಿಂದಿರುವುದು ಚಿಕ್ಕ ವಯಸ್ಸಿನಲ್ಲೇ ಗರ್ಭಿಣಿಯಾಗಿ ಮದುವೆಯಾದ ಅವರ ತಂಗಿಯ ಮತ್ತು ಭಾವನ ಬದುಕು. ಅದಕ್ಕೂ ಸೇನೆಯ ಪ್ರಸಂಗಕ್ಕೂ ನೇರ ಸಂಬಂಧವಿಲ್ಲ. ಆದರೂ ಕಥೆಯನ್ನು ಕೇಳಿದ ಮೇಲೆ ಆ ಹಾಡು, ದುಡಿಯುವ ಕುಟುಂಬಗಳಲ್ಲಿ ಯಾರೂ ಬಾಯಿಬಿಟ್ಟು ಆಡದೆ ನುಂಗಿಕೊಂಡ ಮಾತುಗಳ ಹಾಡಾಗಿ ಕೇಳಿಸತೊಡಗುತ್ತದೆ.

ಐದು ವರ್ಷಗಳ ನಂತರ, 1990ರ ನವೆಂಬರಿನಲ್ಲಿ, ಅದೇ ಲಾಸ್ ಏಂಜಲೀಸ್‌ನ ಶ್ರೈನ್ ಸಭಾಂಗಣದಲ್ಲಿ ವಾದ್ಯವೃಂದವಿಲ್ಲದೆ ಒಬ್ಬರೇ ಹಾಡಿದಾಗ ಅಪ್ಪನ ಕುರಿತ ಧ್ವನಿ ಬೇರೆಯಾಗಿದೆ. ತಾವು ಬೆಳೆದ ಹಳೆಯ ಮನೆಗಳ ಮುಂದೆ ರಾತ್ರಿ ಹೊತ್ತು ಕಾರು ಓಡಿಸುತ್ತ ಸುತ್ತುವ ಚಾಳಿಯ ಬಗ್ಗೆ ಮನೋವೈದ್ಯರಲ್ಲಿ ಕೇಳಿದ್ದನ್ನು ಅಲ್ಲಿ ಹೇಳುತ್ತಾರೆ. ಅಲ್ಲೇನೋ ಕೆಟ್ಟದ್ದು ನಡೆದಿದೆ, ಅದನ್ನು ಸರಿಪಡಿಸಬಹುದೇನೋ ಎಂದು ನೀವು ಮರಳಿ ಮರಳಿ ಹೋಗುತ್ತಿದ್ದೀರಿ, ಆದರೆ ಅದು ನಿಮ್ಮಿಂದ ಆಗದು ಎಂಬುದು ವೈದ್ಯರ ಉತ್ತರ. ಜಗಳವಾಡುವ ಮಗ ಇಲ್ಲಿಲ್ಲ. ಮೊದಲ ಮಗುವಿಗೆ ಆಗಷ್ಟೇ ತಂದೆಯಾದ, ನಲವತ್ತು ದಾಟಿದ ಮನುಷ್ಯ ಇದ್ದಾರೆ.

ಇಷ್ಟು ತಿಳಿದ ಮೇಲೆ ಬ್ರಾಡ್‌ವೇಗೆ ಬರೋಣ. 2017ರ ಅಕ್ಟೋಬರಿನಿಂದ 2018ರ ಡಿಸೆಂಬರ್‌ವರೆಗೆ, ಸಾವಿರಕ್ಕೂ ಕಡಿಮೆ ಆಸನಗಳ ವಾಲ್ಟರ್ ಕೆರ್ ರಂಗಮಂದಿರದಲ್ಲಿ 236 ಪ್ರದರ್ಶನಗಳು ನಡೆದವು. ಕೊನೆಗೊಂಡ ಬೆನ್ನಿಗೇ ನೆಟ್‌ಫ್ಲಿಕ್ಸ್‌ನಲ್ಲಿ ಅದರ ಚಿತ್ರೀಕರಣ ಬಂತು. ನಿಮ್ಮ ಸಂಶಯವನ್ನು ಅಲ್ಲಿ ಅವರೇ ಆರಂಭದಲ್ಲಿ ಎತ್ತಿಕೊಳ್ಳುತ್ತಾರೆ: ಕಾರ್ಖಾನೆಯ ಒಳಗನ್ನೇ ನೋಡದೆ ಕಾರ್ಖಾನೆಯ ಬದುಕನ್ನು ಬರೆದವನು ನಾನು, ಇದು ನನ್ನ ಜಾದು ಎನ್ನುತ್ತಾರೆ. ಕಟ್ಟಿದ ಮಾತು ಎಂಬುದನ್ನು ಒಪ್ಪಿಕೊಂಡೇ ಕಥೆ ಶುರುವಾಗುತ್ತದೆ.

ಅಲ್ಲಿ ಸೇನಾ ಭರ್ತಿಯ ಪ್ರಸಂಗ ಮತ್ತೆ ಬರುತ್ತದೆ. 1985ರ ಕಥೆಯಲ್ಲಿ ಸಮವಸ್ತ್ರ ತೊಟ್ಟು ಮನೆಗೆ ಬಂದ ಡ್ರಮ್ಮರ್ ಎಂದು ಹೆಸರಿಲ್ಲದೆ ಹಾದುಹೋದ ಗೆಳೆಯನಿಗೆ ಈಗ ಹೆಸರಿದೆ: ಅವರ ಹದಿಹರೆಯದ ತಂಡ ಕ್ಯಾಸ್ಟೀಲ್ಸ್‌ನ ಬಾರ್ಟ್ ಹೇನ್ಸ್, 1967ರಲ್ಲಿ ವಿಯೆಟ್ನಾಂನಲ್ಲಿ ಮಡಿದವರು. ಊರಿನ ಹುಡುಗರೆಲ್ಲ ಬೆರಗಾಗಿ ನೋಡುತ್ತಿದ್ದ ಗಾಯಕ ವಾಲ್ಟರ್ ಸಿಕೋನ್ ಮರುವರ್ಷ ಅಲ್ಲಿಯೇ ಕಾಣೆಯಾದರು. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕ ಗೋಡೆಯ ಬಳಿ ಹೋದಾಗಲೆಲ್ಲ ಇಬ್ಬರ ಹೆಸರನ್ನೂ ಕಾಣುವೆ ಎಂದು ಹೇಳಿ, ನನ್ನ ಬದಲಿಗೆ ಹೋದವರು ಯಾರಿರಬಹುದು, ಯಾರೋ ಒಬ್ಬರು ಹೋಗಿರಲೇಬೇಕಲ್ಲ ಎಂದು ಕೇಳಿಕೊಳ್ಳುತ್ತಾರೆ. ಅಂದು ಅಪ್ಪ ಆಡಿದ ಆ ಚುಟುಕು ಮಾತಿಗೆ ಇನ್ನೊಂದು ಮನೆಯಲ್ಲಿ ಯಾರೋ ಬೆಲೆ ತೆತ್ತಿದ್ದಾರೆ ಎಂಬ ಅರಿವು ಇದರಲ್ಲಿದೆ. ಮೂವತ್ತಾರರ ಗಾಯಕ ಹೇಳದೆ ಬಿಟ್ಟದ್ದನ್ನು ಅರವತ್ತೆಂಟರ ಗಾಯಕ ಹೇಳುತ್ತಾರೆ. ಬರೆದಿಟ್ಟುಕೊಂಡ ಮಾತ್ರಕ್ಕೆ ಇದು ಸುಳ್ಳಾಗುವುದು ಹೇಗೆ?

ಚಿತ್ರೀಕರಣದಲ್ಲಿ ಕಣ್ಣು ತುಂಬಿಬರುವುದು ಇನ್ನೊಂದು ಕಡೆ. ತಮ್ಮ ಮೊದಲ ಮಗು ಹುಟ್ಟುವುದಕ್ಕೆ ಕೆಲವು ದಿನ ಮೊದಲು ಅಪ್ಪ ನೂರಾರು ಮೈಲಿ ಕಾರು ಓಡಿಸಿಕೊಂಡು ಮುನ್ಸೂಚನೆಯಿಲ್ಲದೆ ಮನೆಗೆ ಬಂದು, ನೀನು ನಮ್ಮನ್ನು ಚೆನ್ನಾಗಿ ನೋಡಿಕೊಂಡೆ, ನಾನು ನಿನ್ನನ್ನು ಹಾಗೆ ನೋಡಿಕೊಳ್ಳಲಿಲ್ಲ ಎಂಬರ್ಥದ ಮಾತನ್ನು ಕಷ್ಟಪಟ್ಟು ಆಡಿದ್ದನ್ನು ಅವರು ಹೇಳುತ್ತಾರೆ. ಆ ಅಪ್ಪ 1998ರಲ್ಲಿ ತೀರಿಕೊಂಡರು. ಅಮ್ಮ ಅಡೆಲ್ ಅವರ ಭಾಗ ಹಗುರವಾಗಿದೆ: ಮರೆವಿನ ಕಾಯಿಲೆ ಎಲ್ಲವನ್ನೂ ಕಸಿದುಕೊಂಡರೂ ಕುಣಿಯುವ ಆಸೆಯನ್ನು ಮಾತ್ರ ಬಿಟ್ಟಿದೆ ಎನ್ನುತ್ತಾರೆ. 2021ರಲ್ಲಿ ಅದೇ ಪ್ರದರ್ಶನ ಮರಳಿ ಬಂದಾಗ ಕಾಯಿಲೆಯ ವರ್ಷಗಳು ಹೆಚ್ಚಾಗಿದ್ದವು. 2024ರಲ್ಲಿ ಅಮ್ಮನೂ ತೀರಿಕೊಂಡರು.

ನಿಮಗೆ ಸಮಯವಿದ್ದರೆ ಚಿತ್ರೀಕರಣವನ್ನು ಸದ್ಯ ಬದಿಗಿಟ್ಟು, ಹನ್ನೊಂದು ನಿಮಿಷಕ್ಕೂ ಮೀರಿದ ಆ 1985ರ ಧ್ವನಿಮುದ್ರಿಕೆಯನ್ನು ಮೊದಲು ಕೇಳಿ. ಕಥೆ ಮುಗಿಯಿತೆಂದು ನಿಲ್ಲಿಸದೆ ಹಾಡನ್ನೂ ಪೂರ್ತಿ ಕೇಳಿ. ಶ್ರೈನ್ ಸಭಾಂಗಣದ ಕಾರ್ಯಕ್ರಮವೂ 2016ರಲ್ಲಿ ಅಧಿಕೃತವಾಗಿ ಬಿಡುಗಡೆಯಾಗಿದೆ. ಅವೆರಡೂ ಆದ ಮೇಲೆ ಬ್ರಾಡ್‌ವೇ ಪ್ರದರ್ಶನದಲ್ಲಿ ಬಾರ್ಟ್ ಹೇನ್ಸ್ ಹೆಸರು ಬರುವ ಭಾಗಕ್ಕೆ ಬನ್ನಿ.