ಪ್ಯಾಕೆಟ್ ಒಡೆದ ಮೇಲಿನ ಜಗಳ

ಜಯನಗರದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರ ಮನೆ ಮಹಡಿಯಲ್ಲಿ ಪ್ರತಿ ಭಾನುವಾರ ಮಗ ಮತ್ತು ಅವನ ಸ್ನೇಹಿತರು ಗಾಮಾ ವರ್ಲ್ಡ್ ಎಂಬ ರೋಲ್ ಪ್ಲೇಯಿಂಗ್ ಗೇಮ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಹೋಗುವ ಆಟ) ಆಡುತ್ತಾರಂತೆ. ಯಾರಿಂದಲೋ ಸೆಕೆಂಡ್ ಹ್ಯಾಂಡ್‌ಗೆ ಕೊಂಡ ಪೆಟ್ಟಿಗೆ. ಹೋದ ತಿಂಗಳು ಗುಂಪಿನ ಹುಡುಗನೊಬ್ಬ ಅದೇ ಆಟದ ಒಂದು ಡಜನ್ ಸೀಲ್ ಆದ ಕಾರ್ಡ್ ಪ್ಯಾಕೆಟ್ ಹೊರದೇಶದಿಂದ ತರಿಸಿದ. ಒಡೆದು, ಒಳ್ಳೊಳ್ಳೆಯದನ್ನು ಆರಿಸಿ, ಸ್ವಂತ ಡೆಕ್, ಅಂದರೆ ಕಾರ್ಡಿನ ಕಟ್ಟು, ಮಾಡಿಕೊಂಡು ಬಂದ. ಅವತ್ತು ಶುರುವಾದ ಜಗಳದಲ್ಲಿ ಎರಡು ಭಾನುವಾರ ಆಟವೇ ನಡೆದಿಲ್ಲ. ಮೇಷ್ಟ್ರು ಕೇಳುತ್ತಾರೆ: "ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕಿದ್ದ ಆಟಕ್ಕೆ ಈ ಪ್ಯಾಕೆಟ್ ಯಾಕೆ ಬಂತು? ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಡುವುದು ಜೂಜಲ್ಲವೇ? ನಮ್ಮ ಮನೆಯಲ್ಲಿ ಇದನ್ನು ನಿಲ್ಲಿಸಲೇ?" ಕೊನೆಯಲ್ಲಿ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಚಾಮರಾಜಪೇಟೆಯ ಒಂದು ಪೆಟ್ಟಿಗೆ ಅಂಗಡಿ. ನಾನಾಗ ಐದನೇ ಕ್ಲಾಸು. ಬಾಗಿಲ ಪಕ್ಕ ಒಂದು ರಟ್ಟು ನೇತುಹಾಕಿರುತ್ತಿದ್ದರು. ಅದರ ತುಂಬ ಮಡಚಿ ಅಂಟಿಸಿದ ಪುಟ್ಟ ಚೀಟಿಗಳು. ಹತ್ತು ಪೈಸೆ ಕೊಟ್ಟು ಒಂದು ಚೀಟಿ ಹರಿದುಕೊಳ್ಳಬೇಕು. ಒಳಗಿದ್ದ ನಂಬರಿಗೆ ತಕ್ಕ ಸಾಮಾನು ನಮ್ಮದು. ರಟ್ಟಿನ ಮೇಲ್ಗಡೆ ಒಂದು ಕೆಂಪು ಬಸ್ಸಿತ್ತು, ಚಕ್ರ ತಿರುಗುವಂಥದ್ದು. ಬೇಸಿಗೆ ರಜೆ ಪೂರ್ತಿ ಚೀಟಿ ಹರಿದೆ. ಸಿಕ್ಕಿದ್ದು ಪೀಪಿ, ಉಂಗುರ, ಮತ್ತೆ ಪೀಪಿ. ರಜೆ ಮುಗಿಯುವ ಹೊತ್ತಿಗೆ ಚೀಟಿ ಎಲ್ಲ ಖಾಲಿಯಾಗಿತ್ತು. ಬಸ್ಸು ಅಲ್ಲೇ ಇತ್ತು. ಬಸ್ಸಿನ ನಂಬರಿನ ಚೀಟಿಯನ್ನು ಅಂಗಡಿಯವರು ಮೊದಲೇ ಕಿತ್ತಿಟ್ಟುಕೊಂಡಿದ್ದರು ಅಂತ ಅಣ್ಣ ಹೇಳಿದ. ನಾನು ನಂಬಲಿಲ್ಲ. ಈಗ ನಂಬುತ್ತೇನೆ.

ಕಾರ್ಡ್ ಪ್ಯಾಕೆಟ್ ಅಷ್ಟು ಮೋಸದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅದನ್ನು ಹರಿಯುವಾಗ ಬೆರಳಿಗಾಗುವ ಕಚಗುಳಿ ಮಾತ್ರ ಅದೇ.

ಮೊದಲ ಪ್ರಶ್ನೆಗೆ ಬರೋಣ. ಇಂಥ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) 1974ರಲ್ಲಿ ಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದದ್ದು. ಈ ಜಾತಿಯ ಆಟ ಮಾರುವವರಿಗೆ ಮೊದಲಿಂದಲೂ ಒಂದು ತಲೆನೋವು. ಆಟ ನಡೆಸುವ ಗೇಮ್ ಮಾಸ್ಟರ್ ಪುಸ್ತಕ ಕೊಳ್ಳುತ್ತಾನೆ. ಉಳಿದ ನಾಲ್ಕೈದು ಜನ ಒಂದು ಪೆನ್ಸಿಲ್ ಹಿಡಿದುಕೊಂಡು ಬಂದು, ವರ್ಷಗಟ್ಟಲೆ ಆಡಿ, ಚೌಚೌ ತಿಂದು ಹೋಗುತ್ತಾರೆ. ನಿಮ್ಮ ಮಹಡಿಯಲ್ಲೂ ಹಾಗೇ ಅಲ್ವಾ? ಅವರ ಜೇಬಿಗೆ ಕೈ ಹಾಕುವುದು ಹೇಗೆ?

ದಾರಿ ತೋರಿಸಿದ್ದು 1993ರಲ್ಲಿ ಬಂದ ಮ್ಯಾಜಿಕ್: ದಿ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ಮಾಡಿದ ಆಟ (ನಿಮ್ಮವರೇ!). ಅದರಲ್ಲಿ ಪ್ರತಿಯೊಬ್ಬರೂ ತಂತಮ್ಮ ಎಲೆಗಳನ್ನು ತಾವೇ ಕೊಂಡು ತರಬೇಕು. ಎಲೆ ಸಿಗುವುದು ಮುಚ್ಚಿದ ಪ್ಯಾಕೆಟ್ಟಿನಲ್ಲಿ. 15 ಎಲೆಯ ಪ್ಯಾಕೆಟ್ ಅಂದರೆ 11 ಸಾಮಾನ್ಯ, 3 ಸ್ವಲ್ಪ ಅಪರೂಪ, 1 ರೇರ್. ಬಹಳ ಕಾಲ ಇದೇ ಲೆಕ್ಕ ನಡೆಯಿತು. ಆ ಆಟ ಮಾರಿ ದುಡ್ಡು ಮಾಡಿದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 1997ರಲ್ಲಿ ಡಿ ಅಂಡ್ ಡಿ ತಯಾರಿಸುತ್ತಿದ್ದ ಟಿಎಸ್ಆರ್ ಕಂಪನಿಯನ್ನೇ ಕೊಂಡುಕೊಂಡಿತು. ಕಾರ್ಡಿನ ದುಡ್ಡು ಕಥೆಯ ಆಟವನ್ನು ನುಂಗಿದ್ದು ಹೀಗೆ.

ನಿಮ್ಮ ಮಗನ ಪೆಟ್ಟಿಗೆ 2010ರದ್ದು. ಗಾಮಾ ವರ್ಲ್ಡ್ 1978ರಷ್ಟು ಹಳೇ ಆಟ. ಅಣು ದುರಂತದ ನಂತರದ ಲೋಕ, ವಿಚಿತ್ರ ಪ್ರಾಣಿಗಳು, ಪಾಳುಬಿದ್ದ ಊರುಗಳು. 2010ರಲ್ಲಿ ಅದೇ ವಿಜರ್ಡ್ಸ್ ಕಂಪನಿಯವರು ಅದನ್ನು ಹೊಸದಾಗಿ ತಂದಾಗ ಪೆಟ್ಟಿಗೆಯಲ್ಲಿ 80 ಕಾರ್ಡು, ಜೊತೆಗೆ ಬೂಸ್ಟರ್ ಅನ್ನುವ 8 ಕಾರ್ಡಿನ ಒಂದು ಮುಚ್ಚಿದ ಪ್ಯಾಕೆಟ್ ಇಟ್ಟರು. 'ಬೇಕಾದರೆ ಇನ್ನೂ ಕೊಳ್ಳಿ' ಎಂದು ಹೇಳುವ ರೀತಿ ಅದು. ಮರುವರ್ಷ ಡಿ ಅಂಡ್ ಡಿ 4ನೇ ಆವೃತ್ತಿಗೂ ಫಾರ್ಚೂನ್ ಕಾರ್ಡ್ ಅಂತ ಇಂಥದ್ದೇ 8ರ ಪ್ಯಾಕೆಟ್ ಬಂತು. ತುಂಬ ಜನ ಗೊಣಗಿದರು. 2014ರ 5ನೇ ಆವೃತ್ತಿಯಲ್ಲಿ ಅದರ ಸುಳಿವಿಲ್ಲ.

ಆದರೆ ಆ ಪೆಟ್ಟಿಗೆಯ ಆಟ ಮಾತ್ರ ಸೊಗಸು. ನಾನೂ ಮಲ್ಲೇಶ್ವರದ ಗೆಳೆಯರ ಮನೆಯಲ್ಲಿ ಆಡಿದ್ದೇನೆ. 20 ಮುಖದ ದಾಳ ಎರಡು ಸಲ ಉರುಳಿಸಿದರೆ ನೀವು ಯಾರು ಅನ್ನೋದು ಗೊತ್ತಾಗುತ್ತದೆ. ನನಗೆ ಮೊದಲು ಬಿದ್ದದ್ದು ಯೇತಿ, ಆಮೇಲೆ ಜಿರಳೆ. ಮೈತುಂಬ ಕೂದಲಿನ ಎಂಟಡಿ ಜಿರಳೆ ಅಂತ ಬರೆದುಕೊಂಡು, ನಂಜಪ್ಪ ಅಂತ ಹೆಸರಿಟ್ಟೆ. ಮಧ್ಯದಲ್ಲಿದ್ದ ಡೆಕ್ಕಿನಿಂದ ಒಂದು ಕಾರ್ಡು ಎಳೆದರೆ ಆ ಹೊಡೆದಾಟಕ್ಕೆ ಒಂದು ಹೊಸ ಶಕ್ತಿ. ದಾಳದಲ್ಲಿ 1 ಬಿದ್ದರೆ ಆ ಶಕ್ತಿ ಮಾಯ, ಇನ್ನೊಂದು ಕಾರ್ಡು ಎಳೆಯಬೇಕು. ನಂಜಪ್ಪನಿಗೆ ಒಂದೇ ಸಂಜೆ ಮೂರು ಸಲ 1 ಬಿತ್ತು. ಸುತ್ತ ಕೂತವರು ನಕ್ಕು ನಕ್ಕು, ಗೆಳೆಯರ ತಾಯಿ ಕೆಳಗಿಂದ ಹತ್ತಿ ಬಂದು "ಏನ್ರೋ ಆಯ್ತು?" ಅಂತ ಕೇಳಿದರು.

ಆ ನಗು ಎಲ್ಲಿಂದ ಬಂತು ಅಂತ ನೋಡಿ. ಏನು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ, ಬಂದದ್ದು ಎಲ್ಲರ ಕಣ್ಣೆದುರಿಗೆ ಬಂತು. ಚೌಕಾಬಾರದಲ್ಲೂ ಅಷ್ಟೇ ಅಲ್ವಾ? ನಾಲ್ಕು ಕವಡೆ. ಎಲ್ಲಾ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು, ಎಲ್ಲಾ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಅಜ್ಜಿ ಕೈಯಲ್ಲೂ ಅದೇ ಕವಡೆ, ಮೊಮ್ಮಗಳ ಕೈಯಲ್ಲೂ ಅದೇ ಕವಡೆ. ಯಾರೂ ಮನೆಯಿಂದ ಸ್ವಂತ ಕವಡೆ ತರುವುದಿಲ್ಲ. ನಮ್ಮ ಹಳೇ ಎಲೆಯಾಟ ಗಂಜೀಫಾ ತಗೊಳ್ಳಿ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಆಟ ಅಂದರೆ ಪೂರ್ತಿ 120. ಮತ್ಸ್ಯ, ಕೂರ್ಮ ಸುಲಭಕ್ಕೆ ಸಿಗುತ್ತದೆ, ಕಲ್ಕಿ ಬೇಕಾದರೆ ಇನ್ನೊಂದು ಪ್ಯಾಕೆಟ್ ಕೊಳ್ಳಿ ಅಂತ ಯಾರೂ ಹೇಳಲಿಲ್ಲ.

ನಿಮ್ಮ ಮಹಡಿಯಲ್ಲಿ ಕೆಟ್ಟದ್ದು ಇಷ್ಟೇ. ಮೇಜಿನ ಮೇಲೆ ಉರುಳಬೇಕಿದ್ದ ಅದೃಷ್ಟ ಅಂಗಡಿಯಲ್ಲೇ ಉರುಳಿ ಮುಗಿದಿತ್ತು. ಆ ಹುಡುಗ ಒಂದು ಡಜನ್ ಪ್ಯಾಕೆಟ್ ಒಡೆದದ್ದು ತನ್ನ ರೂಮಿನಲ್ಲಿ, ಒಬ್ಬನೇ. ಬೇಡದ್ದೆಲ್ಲ ಅಲ್ಲೇ ಉಳಿಯಿತು, ಬೇಕಾದ್ದು ಮಾತ್ರ ನಿಮ್ಮ ಮನೆಗೆ ಬಂತು. ಉಳಿದವರು ಯಾವ ವಿಕಾರ ಬರುತ್ತದೋ ಅಂತ ಉಸಿರು ಹಿಡಿದು ಎಲೆ ಎಳೆದರೆ, ಅವನು ಗೊತ್ತಿರುವ ಎಲೆ ಎಳೆಯುತ್ತಾನೆ. ಅವನ ಮೇಲೆ ಸಿಟ್ಟು ಬೇಡ, ನಿಯಮದಲ್ಲೇ ಸ್ವಂತ ಡೆಕ್ಕಿಗೆ ಅವಕಾಶವಿದೆ. ಆದರೆ ತರಲೇಬೇಕು ಅಂತಿಲ್ಲ. ಅದು ಇಲ್ಲದೆಯೂ ಆಟ ಪೂರ್ತಿ ನಡೆಯುತ್ತದೆ.

ಇನ್ನು ಜೂಜಿನ ಮಾತು. ಕಾನೂನಿನ ಪ್ರಕಾರ ಜೂಜು ಅನ್ನುವುದು ಕಷ್ಟ. ಅವನು ದುಡ್ಡು ಒಡ್ಡಿ ದುಡ್ಡು ಗೆಲ್ಲಲಿಲ್ಲ. ಕೊಟ್ಟ ಹಣಕ್ಕೆ ಪ್ಯಾಕೆಟ್ಟಿಗೆ ಎಂಟರಂತೆ ಕಾರ್ಡು ಬಂತು. ವಿಡಿಯೋ ಗೇಮ್‌ಗಳಲ್ಲಿ ದುಡ್ಡು ಕೊಟ್ಟು ಒಡೆಯುವ ಗುಪ್ತ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಜೂಜು ಅಂತಲೇ ಕರೆಯಿತು. ಆದರೆ ಅದು ಪರದೆಯ ಮೇಲಿನ ಆಟಗಳ ವಿಷಯ. ನಾನು ಅಷ್ಟು ದೂರ ಹೋಗುವುದಿಲ್ಲ. ನೀವು ಮೇಷ್ಟ್ರು, ನಿಮ್ಮ ಮುಂದೆ ಲೆಕ್ಕ ಇಡುತ್ತೇನೆ, ನೀವೇ ಹೇಳಿ.

ಒಟ್ಟು 100 ಬಗೆಯ ಕಾರ್ಡು ಅಂದುಕೊಳ್ಳಿ. ಎಲ್ಲವೂ ಸಮಾನವಾಗಿ ಸಿಗುತ್ತವೆ ಅಂದುಕೊಳ್ಳಿ. ಪ್ಯಾಕೆಟ್ಟಿಗೆ 8. ಮೊದಲ 50 ಬಗೆ ಸೇರಿಸಲು ಸರಾಸರಿ 69 ಕಾರ್ಡು ಸಾಕು, ಒಂಬತ್ತು ಪ್ಯಾಕೆಟ್. ನೂರೂ ಸೇರಬೇಕಾದರೆ? ಸರಾಸರಿ 519 ಕಾರ್ಡು, ಅಂದರೆ 65 ಪ್ಯಾಕೆಟ್. 99 ಸೇರಿದ ಮೇಲೆ ಆ ಕೊನೇ ಒಂದಕ್ಕೇ ಇನ್ನೂ 100 ಕಾರ್ಡು ಒಡೆಯಬೇಕು, ಹನ್ನೆರಡು ಹದಿಮೂರು ಪ್ಯಾಕೆಟ್. ರೇರ್ ಅಂತ ಬೇರೆ ಮಾಡಿದರೆ ಇದೂ ಸಾಲದು. ಅರ್ಧ ದಾರಿ ಇಳಿಜಾರು, ಆಮೇಲೆ ನಂದಿ ಬೆಟ್ಟ. ಮೊದಲ ಒಂಬತ್ತು ಪ್ಯಾಕೆಟ್ಟಿನಲ್ಲಿ ಸಿಕ್ಕಿದ ಖುಷಿಯ ಮೇಲೆ ಉಳಿದ 56 ಪ್ಯಾಕೆಟ್ ಮಾರಾಟವಾಗುತ್ತದೆ. ನನ್ನ ಕೆಂಪು ಬಸ್ಸು ಇಲ್ಲಿಯೂ ನೇತಾಡುತ್ತಿದೆ, ಏನು ಮಾಡೋದು.

ಒಂದು ವಿಷಯ ಮಾತ್ರ ಪ್ಯಾಕೆಟ್ ಪರವಾಗಿ ಹೇಳಬೇಕು. ಬದಲಾಯಿಸಿಕೊಳ್ಳುವವರು ಇದ್ದರೆ ಆ ಲೆಕ್ಕ ಬಹಳ ಇಳಿಯುತ್ತದೆ. ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿ, ಆಮೇಲೆ ಚಿಪ್ಸ್ ಪ್ಯಾಕೆಟ್ಟಿನ ಟಾಜೋ, ಇವುಗಳ ಮಜಾ ಇದ್ದದ್ದೇ "ನಂಗೆ ಎರಡಿದೆ, ನೀನು ಅದು ಕೊಡು" ಅನ್ನೋದರಲ್ಲಿ. ಒಬ್ಬನೇ ಕೂತು ಒಡೆಯುವವನಿಗೆ ಆ ಮಜಾನೂ ಇಲ್ಲ, ಉಳಿತಾಯವೂ ಇಲ್ಲ.

ಹಾಗಾಗಿ ನಿಲ್ಲಿಸಬೇಡಿ. ಆ ಹುಡುಗನನ್ನು ಕರೆದು ಕೂರಿಸಿ. ಅವನು ಕೊಂಡ ಎಲ್ಲ ಕಾರ್ಡೂ, ರೂಮಿನಲ್ಲಿ ಬಿಟ್ಟುಬಂದ ಸಪ್ಪೆ ಕಾರ್ಡೂ ಸೇರಿ, ಪೆಟ್ಟಿಗೆಯ 80ರ ಜೊತೆ ಕಲೆಸಲಿ. ಒಂದೇ ಕಟ್ಟು, ಮೇಜಿನ ಮಧ್ಯೆ. ಎಲ್ಲರೂ ಅದರಿಂದಲೇ ಎಳೆಯಲಿ. ಅವನ ದುಡ್ಡು ವ್ಯರ್ಥವಾಯಿತು ಅಂತ ಅವನಿಗನಿಸಬಹುದು. ಕಾರ್ಡು ಅವನದೇ ಅಂತ ಹಿಂಬದಿಯಲ್ಲಿ ಗುರುತು ಹಾಕಲು ಮಾತ್ರ ಬಿಡಬೇಡಿ, ಎಳೆಯುವಾಗ ಗೊತ್ತಾಗಿಬಿಡುತ್ತದೆ! ಒಂದು ಪಟ್ಟಿ ಬರೆದಿಟ್ಟುಕೊಂಡರೆ ಸಾಕು. ಮುಂದೆ ಪ್ಯಾಕೆಟ್ ಬಂದರೆ ಮೇಜಿನ ಹತ್ತಿರವೇ ಒಡೆಯಲಿ. ಹರಿಯುವ ಶಬ್ದ ಎಲ್ಲರಿಗೂ ಕೇಳಲಿ.

ಈಗ ನಿಮ್ಮ ಕೊನೇ ಪ್ರಶ್ನೆ. ಗುಂಪಿನಲ್ಲೊಬ್ಬ ಕೆಲಸದ ಮೇಲೆ ಪುಣೆಗೆ ಹೋಗಿ ಒಂದು ಜಾಗ ಖಾಲಿ ಇದೆ, ನನಗೆ 64, ನಾನು ಕೂತರೆ ಹುಡುಗರು ಏನಂದುಕೊಳ್ಳುತ್ತಾರೋ ಅಂತ ಬರೆದಿದ್ದೀರಿ. ಸುಮ್ನೆ ಹೋಗಿ ಕೂತ್ಕೊಳ್ಳಿ ಮೇಷ್ಟ್ರೇ. ಕನ್ನಡಕ ಮರೆಯಬೇಡಿ, ಕಾರ್ಡಿನ ಅಕ್ಷರ ಸಣ್ಣದು. ದಾಳ ಎರಡು ಸಲ ಉರುಳಿಸಿ. ಜಿರಳೆ ಬಿದ್ದರೆ ನಂಜಪ್ಪ ಅನ್ನುವ ಹೆಸರು ಬಿಟ್ಟು ಬೇರೆ ಏನಾದರೂ ಇಟ್ಟುಕೊಳ್ಳಿ, ಅದು ನನ್ನದು.

ಸಂಪಾದಕ