ಓದುಗರ ಪ್ರಶ್ನೆ, ಅಕ್ಕನ ಉತ್ತರ: ಬೇಸಿಗೆ ರಜೆ, ಸಂಡಿಗೆ, ಮಾವಿನಹಣ್ಣು, ಒಂದಿಷ್ಟು ಪುಸ್ತಕ

ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಬೇಸಿಗೆ ರಜೆ ಬಗ್ಗೇನೇ. ಪರೀಕ್ಷೆ ಮುಗೀತು, ಮಕ್ಳು ಮನೇಲಿದಾರೆ, ಊರಿಂದ ಯಾರೋ ಬರ್ತಾರೆ ಇಲ್ಲಾ ನಾವೇ ಹೋಗ್ತೀವಿ, ಏನು ಮಾಡೋಣ, ಏನು ತಿನ್ನೋಣ ಅನ್ನೋದೇ ಎಲ್ಲರ ಪ್ರಶ್ನೆ. ಕೆಲವನ್ನ ಆರಿಸ್ಕೊಂಡು ಉತ್ತರ ಬರ್ದಿದೀನಿ, ಒಂದೆರಡು ಸ್ವಲ್ಪ ಉದ್ದಾನೇ ಆಯ್ತು, ನಂಗೆ ತುಂಬಾ ಇಷ್ಟದ ವಿಷ್ಯ ಅದಕ್ಕೆ.

ಅಕ್ಕಾ ನಮಸ್ತೆ. ನಾವಿಬ್ರೂ ಕೆಲಸಕ್ಕೆ ಹೋಗೋರು, ಮಕ್ಳು ಏಳನೇ ಕ್ಲಾಸು ಮತ್ತೆ ಮೂರನೇ ಕ್ಲಾಸು. ಅತ್ತೆ ನಮ್ ಜೊತೇಲೇ ಇದಾರೆ. ಮನೆ ಲೋನ್ ಇರೋದ್ರಿಂದ ಈ ವರ್ಷ ಟ್ರಿಪ್ಪು ಗಿಪ್ಪು ಏನೂ ಇಲ್ಲ. ಮಕ್ಳ ಫ್ರೆಂಡ್ಸ್ ಎಲ್ಲಾ ಊಟಿ, ದುಬೈ ಅಂತಿದಾರೆ, ನಮ್ಮವು ಬೆಳಗ್ಗೆಯಿಂದ ಮೊಬೈಲ್ ಹಿಡ್ಕೊಂಡು ಸೋಫಾ ಮೇಲೆ. ನೋಡಿದ್ರೆ ಪಾಪ ಅನ್ಸುತ್ತೆ. — ಓದುಗರು, ವಿಜಯನಗರ, ಬೆಂಗಳೂರು

ಮೊದ್ಲು ಆ ‘ಪಾಪ’ ಅನ್ನೋದನ್ನ ಬಿಡಿ ನೀವು. ಮನೇಲಿ ಅಜ್ಜಿ ಇದಾರೆ, ಇಬ್ರು ಮಕ್ಳಿದಾರೆ, ಮೇಲೊಂದು ತಾರಸಿ ಇದ್ದೇ ಇರುತ್ತೆ, ಏಪ್ರಿಲ್ ಬಿಸಿಲು ಬಿಟ್ಟಿ ಸಿಗ್ತಿದೆ, ಸಂಡಿಗೆ ಹಾಕ್ಸಿ. ಅಂಗಡೀಲಿ ಪ್ಯಾಕೆಟ್ ಸಿಗುತ್ತಲ್ಲ ಅಂತ ಅನ್ಬೇಡಿ, ಪ್ಯಾಕೆಟ್‌ನಲ್ಲಿ ಸಂಡಿಗೆ ಸಿಗುತ್ತೆ, ಸಂಡಿಗೆ ಹಾಕೋ ದಿನ ಸಿಗಲ್ಲ.

ಸುಲಭದ್ದು ಬೇಕಂದ್ರೆ ಸಬ್ಬಕ್ಕಿ ಸಂಡಿಗೆ. ಶನಿವಾರ ರಾತ್ರಿ ಒಂದು ಲೋಟ ಸಬ್ಬಕ್ಕಿ ನೆನೆಹಾಕಿ, ಭಾನುವಾರ ಬೆಳಗ್ಗೆ ಬಿಸಿಲು ಏರೋದ್ರೊಳಗೆ ಸುಮಾರು ಐದು ಲೋಟ ನೀರಲ್ಲಿ ಕೈಯಾಡಿಸ್ತಾ ಬೇಯಿಸಿ, ಕಾಳೆಲ್ಲಾ ಗಾಜಿನ ಥರ ಆದ್ಮೇಲೆ ಹಸಿಮೆಣಸಿನಕಾಯಿ ರುಬ್ಬಿದ್ದು, ಜೀರಿಗೆ, ಇಂಗು, ಉಪ್ಪು ಹಾಕಿ ಇಳಿಸಿ ನಿಂಬೆಹಣ್ಣು ಹಿಂಡಿ. ಉಪ್ಪು ಮಾತ್ರ ಕೈ ಹಿಡಿದು ಹಾಕಿ, ಹಿಟ್ಟಲ್ಲಿ ಸರಿಯಾಗಿದೆ ಅನ್ಸಿದ್ರೆ ಒಣಗಿದ್ಮೇಲೆ ಅದು ಉಪ್ಪುಪ್ಪೇ. ಅಜ್ಜಿಗೆ ಮೊಣಕಾಲು ನೋವಿದ್ರೆ ತಾರಸಿ ಮೇಲೆ ನೆರಳಲ್ಲಿ ಒಂದು ಕುರ್ಚಿ ಹಾಕ್ಕೊಡಿ, ಅವ್ರು ಹೇಳ್ಲಿ, ಮಕ್ಳು ಮಾಡ್ಲಿ. ದೊಡ್ಡೋಳು ಹಾಳೆ ಮೇಲೆ ಸೌಟಲ್ಲಿ ಹಿಟ್ಟು ಬಿಡ್ಬೇಕು, ಚಿಕ್ಕೋನಿಗೆ ಕಾಗೆ ಕಾಯೋ ಕೆಲಸ, ಕೈಗೊಂದು ಕೋಲು, ಬಿಸಿಲಿಗೆ ಕರೀ ಕೊಡೆ. ಕೈಯೆಲ್ಲಾ ಹಿಟ್ಟಾಗಿರುವಾಗ ಮೊಬೈಲ್ ಯಾರಿಗೂ ನೆನಪಾಗಲ್ಲ, ಕಿತ್ಕೊಳ್ಳೋ ಜಗಳಾನೂ ಬೇಡ.

ಮತ್ತೆ ಪಾತ್ರೆ ತಳದಲ್ಲಿ ಉಳಿದಿರೋ ಬಿಸಿ ಹಿಟ್ಟಿಗೆ ಒಂಚೂರು ತುಪ್ಪ ಹಾಕಿ ಮಕ್ಳಿಗೆ ಬಟ್ಟಲಲ್ಲಿ ಕೊಡೋದು ಮರೀಬೇಡಿ. ಸಂಜೆ ಹೊತ್ತಿಗೆ ಮೇಲ್ಗಡೆ ಒಣಗಿ ಕೆಳಗಡೆ ಇನ್ನೂ ಮೆತ್ತಗೆ ಅಂಟಂಟಾಗಿರೋ ಅರೆಒಣಗಿದ ಸಂಡಿಗೆ ಇರುತ್ತಲ್ಲ, ಅದನ್ನ ಹಾಳೆಯಿಂದ ಕಿತ್ತು ಕಿತ್ತು ತಿಂತಾರೆ, ತಿನ್ಲಿ, ಬೈಬೇಡಿ. ಕಾಲು ಭಾಗ ಹಾಗೇ ಖಾಲಿ ಆಗೋದು ಲೆಕ್ಕದಲ್ಲೇ ಇರ್ಬೇಕು. ಮಾರನೇ ದಿನ ತಿರುವಿ ಹಾಕಿ ಚೆನ್ನಾಗಿ ಗಲಗಲ ಅನ್ನೋ ಹಾಗೆ ಒಣಗಿಸಿ ಡಬ್ಬಕ್ಕೆ ತುಂಬಿ. ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದಾಗ ಬಿಸಿ ಅನ್ನ ಸಾರಿಗೆ ಅದನ್ನ ಕರಿದ್ರೆ ಇದು ನಾನು ಹಾಕಿದ್ದು ಅಂತ ಮಗಳು ಹೇಳೇ ಹೇಳ್ತಾಳೆ ನೋಡಿ.

ಇನ್ನೊಂದು ಮಾತು, ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ರಜೆ ಅಂದ್ರೆ ಮಕ್ಳಿಗೆ ಏನೋ ತೋರಿಸ್ಬೇಕು ಅನ್ನೋ ಟೆನ್ಷನ್ ನಮಗೇ ಜಾಸ್ತಿ. ಅವಕ್ಕೆ ಬೇಕಾಗಿರೋದು ನೀವು ಆತುರ ಇಲ್ದೆ ಕೂತ್ಕೊಳ್ಳೋದು. ವಾರದಲ್ಲಿ ಎರಡು ಸಂಜೆ ಆಫೀಸಿಂದ ಬಂದು ಫೋನ್ ಒಳಗಿಟ್ಟು ತಾರಸಿ ಮೇಲೆ ಚಾಪೆ ಹಾಕಿ, ಚುರುಮುರಿ ಕಲಸ್ಕೊಂಡು ಎಲ್ರೂ ಕೂತ್ರೆ ಅದಕ್ಕೆ ಲೋನ್ ಬೇಕಾಗಲ್ಲ.

ಮೇಡಂ, ಮಾವಿನಹಣ್ಣು ಅಂದ್ರೆ ಮನೆ ಮಂದಿಗೆಲ್ಲಾ ಪ್ರಾಣ. ಆದ್ರೆ ಕಾರ್ಬೈಡ್ ಹಾಕಿ ಹಣ್ಣು ಮಾಡಿರ್ತಾರೆ ಅಂತ ಹೆದರಿಕೆ, ಹೋದ್ಸಲ ತಂದ ಒಂದು ಬಾಕ್ಸ್ ಪೂರ್ತಿ ಹುಳಿ. ಯಾವಾಗ, ಯಾವ್ದು, ಹೇಗೆ ತಗೋಬೇಕು? — ಓದುಗರು, ದಾವಣಗೆರೆ

ಸರ್, ನಿಮ್ಮ ಹೆದರಿಕೆ ಸರಿಯಾಗೇ ಇದೆ. ಕ್ಯಾಲ್ಸಿಯಂ ಕಾರ್ಬೈಡ್‌ನಲ್ಲಿ ಹಣ್ಣು ಮಾಡೋದನ್ನ ನಮ್ಮ ದೇಶದಲ್ಲಿ ನಿಷೇಧಿಸಿದಾರೆ. ಎಥಿಲೀನ್ ಗ್ಯಾಸ್‌ನಲ್ಲಿ ಚೇಂಬರ್ ಒಳಗೆ ನಿಯಮದ ಪ್ರಕಾರ ಹಣ್ಣು ಮಾಡೋಕೆ ಅವಕಾಶ ಇದೆ, ಎರಡನ್ನೂ ಒಂದೇ ಅಂದ್ಕೋಬೇಡಿ. ಬಲವಂತಕ್ಕೆ ಹಣ್ಣಾಗಿದ್ದು ಹೊರಗಡೆ ಎಲ್ಲಾ ಒಂದೇ ಸಮ ಹಳದಿ ಇರುತ್ತೆ, ಮೂಸಿದ್ರೆ ಘಮ ಇರಲ್ಲ, ಕೊಯ್ದ್ರೆ ವಾಟೆ ಹತ್ರ ಬಿಳಿ, ಗಟ್ಟಿ, ಹುಳಿ. ಬಣ್ಣ ನೋಡಿ ಹಣ್ಣು ತಗೋಳೋ ಅಭ್ಯಾಸ ಬಿಟ್ಟು ಮೂಗು ನಂಬಿ, ತೊಟ್ಟಿನ ಹತ್ರ ಮೂಸಿ ನೋಡಿ, ಅಲ್ಲಿ ವಾಸನೆ ಇಲ್ಲಾಂದ್ರೆ ಮುಂದೆ ಹೋಗಿ.

ಇನ್ನೂ ಒಳ್ಳೇದು ಅಂದ್ರೆ ಬಲಿತ ಕಾಯೇ ತಂದು ಮನೇಲಿ ಹಣ್ಣು ಮಾಡೋದು. ತೊಟ್ಟಿನ ಎರಡೂ ಕಡೆ ಭುಜ ತುಂಬ್ಕೊಂಡು ತೊಟ್ಟು ಸ್ವಲ್ಪ ಒಳಗೆ ಕೂತಿದ್ರೆ ಕಾಯಿ ಬಲ್ತಿದೆ ಅಂತ. ತಂದ ತಕ್ಷಣ ಸೊನೆ ತೊಳೆದು ಒರೆಸಿ, ಭತ್ತದ ಹುಲ್ಲು ಸಿಕ್ರೆ ಹುಲ್ಲಲ್ಲಿ, ಸಿಗ್ಲಿಲ್ಲಾಂದ್ರೆ ರಟ್ಟಿನ ಬಾಕ್ಸ್‌ಗೆ ನ್ಯೂಸ್ ಪೇಪರ್ ಹಾಸಿ ಒಂದಕ್ಕೊಂದು ಒತ್ತದ ಹಾಗೆ ಜೋಡಿಸಿ ಮುಚ್ಚಿಡಿ. ನಾಲ್ಕೈದು ದಿನಕ್ಕೆ ರೂಮಿಗೆಲ್ಲಾ ಘಮ ಬರೋಕೆ ಶುರುವಾಗುತ್ತೆ, ಆಮೇಲೆ ದಿನಾ ಬೆಳಗ್ಗೆ ಮಕ್ಳ ಕೈಲೇ ಮುಟ್ಟಿ ನೋಡಿಸಿ ಮೆತ್ತಗಾಗಿದ್ದನ್ನ ಆರಿಸ್ಸಿ. ಇವತ್ತು ಎಷ್ಟು ಹಣ್ಣಾಗಿದೆ ಅಂತ ಓಡಿಹೋಗಿ ನೋಡೋದ್ರಲ್ಲಿರೋ ಖುಷಿ ಹಣ್ಣು ತಿನ್ನೋದ್ರಷ್ಟೇ ದೊಡ್ಡದು. ತಿನ್ನೋಕೆ ಮುಂಚೆ ಅರ್ಧ ಗಂಟೆ ನೀರಲ್ಲಿ ಹಾಕಿಡಿ.

ಯಾವಾಗ ಅಂದ್ರೆ, ರಾಮನಗರ ಕಡೆ ಹಣ್ಣು ಮೊದ್ಲು ಬರುತ್ತೆ, ಕೋಲಾರ ಶ್ರೀನಿವಾಸಪುರದ್ದು ಅದಾದ್ಮೇಲೆ. ಯುಗಾದಿ ಹೊತ್ತಿಗೇ ಮಾರ್ಕೆಟ್‌ನಲ್ಲಿ ಬಂತು ಅಂತ ದುಡ್ಡು ಸುರೀಬೇಡಿ, ಮೇ ತಿಂಗ್ಳವರೆಗೆ ಕಾಯಿರಿ. ಹೋಳು ಕೊಯ್ದು ತಿನ್ನೋಕೆ ಬಾದಾಮಿ, ರಸ ಹಿಂಡೋಕೆ ರಸಪುರಿ, ಜೂನ್‌ನಲ್ಲಿ ಮಲ್ಲಿಕಾ. ನೀಲಂ ಮತ್ತೆ ದಶೇರಿ ಸೇರಿಸಿ ಮಾಡಿದ ತಳಿ ಈ ಮಲ್ಲಿಕಾ, ವಾಟೆ ತೆಳ್ಳಗೆ, ನಾರಿಲ್ಲ, ನನ್ನ ಕೇಳಿದ್ರೆ ಬಾದಾಮಿಗಿಂತ ಒಂದು ಕೈ ಮೇಲೇ. ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್‌ನಲ್ಲಿ ಮಾವಿನ ಮೇಳ ನಡೀತಿದ್ರೆ ಹೋಗಿ, ರೈತರೇ ತಂದು ಮಾರ್ತಾರೆ, ಯಾವ ಊರಿಂದು, ಯಾವತ್ತು ಕಿತ್ತಿದ್ದು ಅಂತ ಅವ್ರನ್ನೇ ಕೇಳ್ಬಹುದು.

ರಸಪುರಿ ತಂದ್ರೆ ಒಂದು ದಿನ ಸೀಕರಣೆ ಮಾಡಿ. ಹಣ್ಣನ್ನ ಕೈಯಲ್ಲೇ ಮೆತ್ತಗೆ ಹಿಸುಕಿ ರಸ ತೆಗೆದು, ಕಾಯಿಸಿ ಆರಿಸಿದ ಹಾಲು ಸ್ವಲ್ಪ, ಬೆಲ್ಲ ಇಲ್ಲಾ ಸಕ್ಕರೆ, ಏಲಕ್ಕಿ, ಚಿಟಿಕೆ ಉಪ್ಪು, ಅಷ್ಟೇ. ಮಿಕ್ಸಿಗೆ ಹಾಕ್ಬೇಡಿ, ನೊರೆ ಬಂದು ರುಚಿ ಕೆಡುತ್ತೆ. ಬಿಸಿ ಚಪಾತಿ ಇಲ್ಲಾ ಹೋಳಿಗೆ ಜೊತೆ. ವಾಟೆ ಚೀಪೋಕೆ ಮನೇಲಿ ಜಗಳ ಆಗೇ ಆಗುತ್ತೆ, ಅದನ್ನ ನೀವೇ ಬಗೆಹರಿಸ್ಕೊಳ್ಳಿ.

ಅಕ್ಕ, ಮಗ ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಓದು ಅಂದ್ರೆ ಅಕ್ಷರ ಕೂಡಿಸ್ಕೊಂಡು ಓದ್ತಾನೆ, ಎರಡು ಲೈನ್‌ಗೆ ಸುಸ್ತು. ಈ ರಜೇಲಿ ಕನ್ನಡ ಪುಸ್ತಕ ಹಿಡಿಸ್ಬೇಕು, ಒಂದು ಲಿಸ್ಟ್ ಕೊಡ್ತೀರಾ? — ಓದುಗರು, ಮಂಡ್ಯ

ಲಿಸ್ಟ್ ಕೊಡಲ್ಲ, ಬೇಜಾರು ಮಾಡ್ಕೋಬೇಡಿ. ಲಿಸ್ಟ್ ಕೈಗೆ ಸಿಕ್ತು ಅಂದ್ರೆ ಅದು ಸಿಲಬಸ್ ಆಗುತ್ತೆ, ನೀವು ಟಿಕ್ ಹಾಕ್ತಾ ಹೋಗ್ತೀರ, ಅವ್ನು ಇನ್ನೂ ದೂರ ಹೋಗ್ತಾನೆ. ಪುಸ್ತಕ ಅವನೇ ಆರಿಸ್ಲಿ, ಚಿತ್ರ ಜಾಸ್ತಿ ಇರೋ ತೆಳ್ಳನೆ ಪುಸ್ತಕ ತಗೊಂಡ್ರೂ ಸರಿ, ಅವನ ವಯಸ್ಸಿಗೆ ಚಿಕ್ಕದು ಅನ್ಸಿದ್ರೂ ಸುಮ್ನಿರಿ.

ಅವನಿಗೆ ಕನ್ನಡ ಬರಲ್ಲ ಅಂತಲ್ಲ, ದಿನಾ ಮಾತಾಡ್ತಾನಲ್ಲ, ಕಣ್ಣಿಗೆ ಅಭ್ಯಾಸ ಇಲ್ಲ ಅಷ್ಟೇ. ಅದಕ್ಕೆ ಮೊದ್ಲು ನೀವು ಓದಿ ಹೇಳಿ. ಮಧ್ಯಾಹ್ನ ಊಟ ಆಗಿ ಫ್ಯಾನ್ ಕೆಳಗೆ ಎಲ್ರೂ ನೆಲದ ಮೇಲೆ ಮಲ್ಕೋತೀರಲ್ಲ, ಆ ಹೊತ್ತು ಇದಕ್ಕೆ ಹೇಳಿ ಮಾಡ್ಸಿದ್ದು. ಗಟ್ಟಿಯಾಗಿ ಓದಿ, ಪಾತ್ರಕ್ಕೆ ತಕ್ಕ ಹಾಗೆ ದನಿ ಬದಲಾಯಿಸಿ, ಅವನ ಕಣ್ಣು ಪುಟದ ಮೇಲಿರ್ಲಿ, ನಿಮ್ಮ ಬೆರಳು ಸಾಲಿನ ಕೆಳಗೆ ಹೋಗ್ತಿರ್ಲಿ. ಕಥೆ ಜೋರಾಗಿರೋ ಜಾಗ ಬಂದಾಗ ನಿಲ್ಸಿ ನಂಗೆ ನಿದ್ದೆ ಬಂತಪ್ಪಾ ಅಂತ ಪುಸ್ತಕ ಅವನ ಪಕ್ಕದಲ್ಲೇ ಬಿಟ್ಟು ಆ ಕಡೆ ತಿರುಗಿ ಮಲ್ಕೊಳ್ಳಿ. ಮುಂದೇನಾಯ್ತು ಅನ್ನೋ ತವಕಕ್ಕೆ ಒಂದು ಸಾಲು ಕೂಡಿಸ್ಕೊಂಡಾದ್ರೂ ಓದ್ತಾನೆ, ನಾಳೆ ಎರಡು. ತಪ್ಪು ಓದಿದ್ರೆ ಅಲ್ಲೇ ತಿದ್ದೋಕೆ ಹೋಗ್ಬೇಡಿ, ನೀತಿ ಏನು ಅಂತ ಕೇಳ್ಬೇಡಿ, ದಯವಿಟ್ಟು.

ಪುಸ್ತಕಕ್ಕೆ ದುಡ್ಡು ಬೇಕಾಗಿಲ್ಲ. ಹಳ್ಳಿ ಕಡೆ ನೆಂಟರಿದ್ರೆ ಅಲ್ಲಿನ ಗ್ರಾಮ ಪಂಚಾಯಿತಿ ಲೈಬ್ರರಿ ವಿಚಾರಿಸಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಳಿಗೆ ಸದಸ್ಯತ್ವ ಉಚಿತ ಮಾಡಿದಾರೆ. ಅಜ್ಜಿ ಊರಿಗೆ ಹೋದಾಗ ಅವನ ಹೆಸರಲ್ಲೇ ಕಾರ್ಡ್ ಮಾಡ್ಸಿಕೊಡಿ, ತನ್ನ ಹೆಸರಿನ ಕಾರ್ಡು ಅಂದ್ರೆ ಮಕ್ಳಿಗೆ ಬಹಳ ಖುಷಿ. ಮತ್ತೆ ನೀವು ಮಂಡ್ಯದವ್ರು, ಪಾಂಡವಪುರದ ಹತ್ರ ಹರಳಹಳ್ಳೀಲಿ ಅಂಕೇಗೌಡರ ‘ಪುಸ್ತಕ ಮನೆ’ ನೋಡಿದೀರಾ? ಸಕ್ಕರೆ ಕಾರ್ಖಾನೇಲಿ ಕೆಲಸ ಮಾಡ್ತಾ ಸಂಬಳದ ದುಡ್ಡಲ್ಲಿ ಪುಸ್ತಕ ಕೂಡಿಸ್ತಾ ಬಂದೋರು ಅವ್ರು, ಈಗ ಲಕ್ಷಗಟ್ಟಲೆ ಪುಸ್ತಕ ಇದೆ, ಯಾರು ಬೇಕಾದ್ರೂ ಹೋಗಿ ನೋಡ್ಬಹುದು. ಬುತ್ತಿಗೆ ಮಾವಿನಕಾಯಿ ಚಿತ್ರಾನ್ನ, ಮೊಸರನ್ನ ಕಟ್ಕೊಂಡು ಒಂದು ದಿನ ಮಗನ್ನ ಕರ್ಕೊಂಡು ಹೋಗಿ. ಒಬ್ಬ ಮನುಷ್ಯ ಪುಸ್ತಕನ ಇಷ್ಟು ಪ್ರೀತಿಸ್ಬಹುದು ಅಂತ ಅವನು ಕಣ್ಣಾರೆ ನೋಡ್ಲಿ.

ತಂಗೀ, ನನಗೆ ಎಪ್ಪತ್ತೆರಡು. ರಿಟೈರ್ಡ್ ಮೇಷ್ಟ್ರು. ಮನೆಯವಳು ಹೋಗಿ ಎರಡು ವರ್ಷ ಆಯಿತು. ಮೇ ತಿಂಗಳಲ್ಲಿ ಮಗಳು, ಇಬ್ಬರು ಮೊಮ್ಮಕ್ಕಳು ಪುಣೆಯಿಂದ ಬರ್ತಾರೆ. ಅವಳಿದ್ದಾಗ ಹಬ್ಬದ ಹಾಗಿರುತ್ತಿತ್ತು. ನನಗೆ ಅನ್ನ, ಸಾರು ಬಿಟ್ಟು ಏನೂ ಮಾಡಲು ಬರದು. ಮಕ್ಕಳಿಗೆ ಬೇಜಾರಾದೀತು ಎಂಬ ಚಿಂತೆ. — ಓದುಗರು, ಸಾಗರ

ಮೇಷ್ಟ್ರೇ, ನಿಮ್ಮ ಪತ್ರನ ಎರಡು ಸಲ ಓದ್ದೆ. ಅವ್ರು ಮಾಡ್ತಿದ್ದ ಹಾಗೇ ಎಲ್ಲಾನೂ ಮಾಡ್ಬೇಕು ಅಂತ ಹೊರಟ್ರೆ ನಿಮಗೂ ಕಷ್ಟ, ಮಗಳಿಗೂ ನೋಡಕ್ಕಾಗಲ್ಲ. ಒಂದೇ ಒಂದು ಅಡುಗೆ ಕಲ್ತಿಡಿ, ಅಪ್ಪೆಹುಳಿ. ಸಾರು ಬರುತ್ತೆ ಅಂದ್ರಲ್ಲ, ಇದು ಅದಕ್ಕಿಂತ ಸುಲಭ. ಒಂದು ಮಾವಿನಕಾಯಿ ಬೇಯಿಸಿ, ಆರಿದ್ಮೇಲೆ ಕೈಯಲ್ಲಿ ಕಿವುಚಿ ತಿರುಳು ತೆಗೆದು, ನೀರು ಧಾರಾಳ ಸೇರಿಸಿ, ಉಪ್ಪು, ಬೇಕಂದ್ರೆ ಚೂರು ಬೆಲ್ಲ. ಕೊಬ್ಬರಿ ಎಣ್ಣೇಲಿ ಸಾಸಿವೆ, ಒಣಮೆಣಸು, ಇಂಗು ಒಗ್ಗರಣೆ. ಬೇಳೆ, ಮಸಾಲೆ ಏನೂ ಇಲ್ಲ. ನಿಮ್ಮ ಕಡೆ ಹುಟ್ಟಿದ ಮಗಳಿಗೆ ಪುಣೇಲಿ ಆ ಘಮ ಎಲ್ಲಿ ಸಿಗ್ಬೇಕು? ಅಪ್ಪ ಲೋಟಕ್ಕೆ ಬಗ್ಗಿಸಿಕೊಟ್ರೆ ಊಟದ ಮಿಕ್ಕಿದ್ದೆಲ್ಲಾ ಅವಳೇ ಮಾಡ್ಕೋತಾಳೆ, ಮಾಡ್ಲಿ, ಬೇಡ ಅನ್ಬೇಡಿ.

ಮನೆಯವ್ರ ಮಾತು ಮಕ್ಳ ಮುಂದೆ ತೆಗೀರಿ. ಅವ್ರ ಉಪ್ಪಿನಕಾಯಿ ಭರಣಿ, ಹಳೇ ಫೋಟೋ ಪೆಟ್ಟಿಗೆ ಎಲ್ಲಾ ಹೊರಗಿಡಿ. ಬೆಳಗ್ಗೆ ಮೊಮ್ಮಕ್ಳ ಜೊತೆ ನಡೆದು ಹೋಗ್ತಾ ದಾರೀಲಿರೋ ಮರಗಳ ಹೆಸರು, ಯಾರು ನೆಟ್ಟಿದ್ದು, ಅಜ್ಜಿ ಯಾವ ಮರದ ಕಾಯಿ ತರಿಸ್ತಿದ್ರು ಅಂತ ಹೇಳಿ. ಮೇಷ್ಟ್ರಾಗಿದ್ದೋರು ನೀವು, ಕಥೆಗೆ ಬರ ಇಲ್ಲ. ಒಂದೇ ಒಂದು ಎಚ್ಚರಿಕೆ, ಹೊಳೆ, ಕೆರೆ ಹತ್ರ ಮಕ್ಳನ್ನ ಅವರಷ್ಟಕ್ಕೆ ಕಳಿಸ್ಬೇಡಿ, ಬೇರೆ ಹುಡುಗ್ರು ಇದಾರೆ ಅಂದ್ರೂ ಬೇಡ. ಪ್ರತಿ ಬೇಸಿಗೇಲೂ ನೀರಿಗಿಳಿದ ಮಕ್ಳ ಸುದ್ದಿ ಓದ್ತಾನೇ ಇರ್ತೀವಿ. ಬಂದು ಹೋದ್ಮೇಲೆ ಒಂದು ಕಾರ್ಡ್ ಬರೀರಿ, ಕಾಯ್ತಿರ್ತೀನಿ.

ಅಕ್ಕಾರ, ನಿಮಗೇನ್ ಗೊತ್ತ್ರೀ ನಮ್ ಕಲಬುರಗಿ ಬಿಸ್ಲು. ಹನ್ನೊಂದರ ಮ್ಯಾಲ ಹೊರಗ ಕಾಲಿಡಂಗಿಲ್ಲ. ಇಂಥಾದ್ರಾಗ ಬ್ಯಾಸಿಗಿ ಖುಷಿ ಎಲ್ಲಿಂದ ತರೂಣು? — ಓದುಗರು, ಕಲಬುರಗಿ

ನಿಜ, 40 ಡಿಗ್ರಿ ದಾಟಿದ ಊರಲ್ಲಿ ಮಧ್ಯಾಹ್ನದ ಖುಷಿ ಬಗ್ಗೆ ಮಾತಾಡೋದು ತಪ್ಪು. ಹಾಗಾಗಿ ದಿನಾನೇ ತಿರುಗಿಸಿ ಹಾಕಿ. ಬೆಳಗ್ಗೆ ಐದಕ್ಕೆ ಎದ್ದು ಎಂಟರೊಳಗೆ ಅಡುಗೆ ಮುಗ್ಸಿ, ಮಧ್ಯಾಹ್ನಕ್ಕೆ ಜೋಳದ ಅಂಬಲಿ, ಮಜ್ಜಿಗಿ, ಉಳ್ಳಾಗಡ್ಡಿ ಸಾಕು. ಮಣ್ಣಿನ ಗಡಿಗೇಲಿ ಲಾವಂಚದ ಬೇರು ಒಂದು ಹಿಡಿ ಹಾಕಿಡಿ, ಫ್ರಿಜ್ ನೀರು ಮರ್ತೇ ಹೋಗುತ್ತೆ. ನಿಮಗೆ ಖುಷಿ ಇರೋದು ರಾತ್ರಿ. ಸಂಜೆ ಮಾಳಿಗಿ ಮೇಲೆ ನೀರು ಚಿಮುಕ್ಸಿ, ಹಾಸಿಗೆ ಹಾಸಿ, ಊಟದ ತಟ್ಟೆನೂ ಅಲ್ಲೇ ತಗೊಂಡು ಹೋಗಿ, ಪಕ್ಕದ ಮನೆ ಮಾಳಿಗಿಯವ್ರ ಜೊತೆ ಮಾತಾಡ್ತಾ ಮಲಗೋ ಸುಖ ಬೆಂಗಳೂರಿನ ಅಪಾರ್ಟ್‌ಮೆಂಟ್‌ನವ್ರಿಗೆ ಇಲ್ಲ.

ಪಾನಕದ ಅಳತೆ ಹೇಳಿ, ಪ್ರತಿ ಸಲ ಒಂದೊಂದು ಥರ ಆಗುತ್ತೆ. — ಓದುಗರು, ತುಮಕೂರು

ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ, ಒಂದು ದೊಡ್ಡ ನಿಂಬೆಹಣ್ಣು, ಏಲಕ್ಕಿ ನಾಲ್ಕು, ಶುಂಠಿ ಪುಡಿ ಮತ್ತೆ ಕಾಳುಮೆಣಸಿನ ಪುಡಿ ಚಿಟಿಕೆ ಚಿಟಿಕೆ, ಒಂದು ಹರಳು ಉಪ್ಪು. ಬೆಲ್ಲ ಕರಗಿಸಿ ಸೋಸಿ. ಬೇಲದ ಹಣ್ಣು ಸಿಕ್ರೆ ನಿಂಬೆ ಬದಲು ಅದನ್ನೇ ಕಿವುಚಿ ಹಾಕಿ. ರಾಮನವಮಿ ಮುಗೀತು ಅಂತ ಪಾನಕ ನಿಲ್ಲಿಸ್ಬೇಡಿ, ಜೂನ್‌ವರೆಗೂ ಮಾಡಿ, ಬಾಗಿಲಿಗೆ ಬರೋ ಕೊರಿಯರ್ ಹುಡುಗ್ರಿಗೂ ಒಂದು ಲೋಟ ಕೊಡಿ.

ಹಲಸಿನಹಣ್ಣು ಬಿಡಿಸೋಕೆ ಭಯ, ಮೇಣ ಕೈ ಬಿಡಲ್ಲ. — ಓದುಗರು, ಹಾಸನ

ಕೈಗೂ ಚಾಕುಗೂ ಕೊಬ್ಬರಿ ಎಣ್ಣೆ ಬಳ್ಕೊಂಡು ಶುರು ಮಾಡಿ, ಕೆಳಗೆ ಹಳೇ ಪೇಪರ್ ಹಾಸಿ. ಕೊಯ್ದ ತಕ್ಷಣ ಸುರಿಯೋ ಮೇಣನ ಪೇಪರ್‌ನಲ್ಲೇ ಒರೆಸ್ತಾ ಹೋಗಿ, ನೀರು ತಾಗಿಸ್ಬೇಡಿ. ಒಬ್ಬರೇ ಕೂರ್ಬೇಡಿ, ಅದು ನಾಲ್ಕು ಜನ ಸುತ್ತ ಕೂತು ಮಾಡೋ ಕೆಲಸ. ಬೀಜ ಎಸೀಬೇಡಿ, ತೊಳೆದು ನೆರಳಲ್ಲಿ ಒಣಗಿಸಿಡಿ, ಮಳೆಗಾಲದಲ್ಲಿ ಹುಳಿಗೆ ಹಾಕೋಕೆ ಬರುತ್ತೆ.