‘ಹೀಟ್’ನಲ್ಲಿ ಕಳ್ಳತನ ನಡೆಯದ ಆ ರಾತ್ರಿ

1995ರ ‘ಹೀಟ್’ ಸಿನಿಮಾ ಸುಮಾರು 170 ನಿಮಿಷ ಇದೆ, ಎಷ್ಟಾದರೂ ಅದು ಕಳ್ಳ-ಪೊಲೀಸ್ ಕಥೆ ಅಲ್ವಾ, ಅಷ್ಟು ಹೊತ್ತು ಕೂತು ನೋಡುವಂಥದ್ದು ಏನಿದೆ ಅಂತ ಕೇಳಿದ್ದೀರಿ. ನಾನು ಅದನ್ನು ನಾಲ್ಕು ಸಲ ನೋಡಿದ್ದೇನೆ. ಖಂಡಿತ ನೋಡಿ. ಯಾಕೆ ಅಂತ ಹೇಳಲು ಒಂದು ದೃಶ್ಯವನ್ನೇ ಹೇಳಿಬಿಡುತ್ತೇನೆ.

ಲಾಸ್ ಏಂಜಲೀಸ್ ನಗರ. ಕಳ್ಳ ನೀಲ್ ಮೆಕಾಲಿಯಾಗಿ ರಾಬರ್ಟ್ ಡಿ ನಿರೋ, ಅವನ ಬೆನ್ನು ಹತ್ತಿದ ಪೊಲೀಸ್ ವಿನ್ಸೆಂಟ್ ಹನ್ನಾ ಆಗಿ ಅಲ್ ಪಚೀನೊ. ಒಂದು ರಾತ್ರಿ ನೀಲ್ ತಂಡ ಬೆಲೆಬಾಳುವ ಲೋಹ ಇಡುವ ಕಟ್ಟಡಕ್ಕೆ ನುಗ್ಗುತ್ತದೆ. ಒಳಗೆ ಜೊತೆಗಾರ ತಿಜೋರಿ ಕೊರೆಯುತ್ತಿದ್ದಾನೆ. ಹೊರಗೆ ಕತ್ತಲಲ್ಲಿ ನೀಲ್ ಕಾವಲು ನಿಂತಿದ್ದಾನೆ. ಪೊಲೀಸರಿಗೆ ಮೊದಲೇ ಸುಳಿವು ಸಿಕ್ಕಿದೆ. ಹತ್ತಿರದಲ್ಲೇ ಉಸಿರು ಬಿಗಿಹಿಡಿದು ಹೊಂಚು ಹಾಕಿದ್ದಾರೆ. ಹನ್ನಾ ಕತ್ತಲಲ್ಲೂ ಕಾಣಿಸುವ ಕ್ಯಾಮೆರಾದ ಪರದೆಯಲ್ಲಿ ಎಲ್ಲ ನೋಡುತ್ತಿದ್ದಾನೆ.

ಅಷ್ಟರಲ್ಲಿ ಒಬ್ಬ ಪೊಲೀಸ್ ಸುಮ್ನೆ ಕೂರಲು ಹೋಗುತ್ತಾನೆ. ಅವನ ಮೈಮೇಲಿನ ಸಾಮಾನು ತಗಡಿಗೆ ತಾಗಿ ‘ಟಣ್’ ಅನ್ನುತ್ತದೆ. ಅಷ್ಟೇ ಸದ್ದು.

ನೀಲ್ ಆ ಕಡೆ ತಿರುಗಿ ನೋಡುತ್ತಾ ನಿಲ್ಲುತ್ತಾನೆ. ಪರದೆಯ ಮೇಲೆ ಅವನ ಮುಖ, ಈಚೆ ಹನ್ನಾನ ಮುಖ. ನೀಲ್‌ಗೆ ಹನ್ನಾ ಕಾಣುತ್ತಿಲ್ಲ. ಆದರೂ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನಿಂತ ಹಾಗಿದೆ. ನೀಲ್ ಒಳಗೆ ಹೋಗಿ ಹೊರಡಿ ಅನ್ನುತ್ತಾನೆ. ಕೊರೆಯುವ ಕೆಲಸ ಅರ್ಧಕ್ಕೇ ಬಿಟ್ಟು ಎಲ್ಲರೂ ಬರಿಗೈಯಲ್ಲಿ ಹೊರಟುಬಿಡುತ್ತಾರೆ. ಹನ್ನಾ ಕೂಡ ಅವರನ್ನು ಹಿಡಿಯಲು ಬಿಡುವುದಿಲ್ಲ. ಏನೂ ಕದ್ದಿಲ್ಲವಲ್ಲ. ಬೀಗ ಮುರಿದ ಕೇಸು ಹಾಕಿದರೆ ಕೆಲವೇ ತಿಂಗಳಲ್ಲಿ ಹೊರಗೆ ಬರುತ್ತಾರೆ ಅಂತ ಅವನಿಗೆ ಗೊತ್ತು.

ಮೊದಲ ಸಲ ನಾನು ಇದನ್ನು ನೋಡಿದ್ದು ಹಾಸ್ಟೆಲ್ಲಿನಲ್ಲಿ, ಗೆಳೆಯನ ಕಂಪ್ಯೂಟರಿನಲ್ಲಿ. ತಲೆ ಮೇಲೆ ಫ್ಯಾನಿನ ಗಡಗಡ, ಆರು ಜನರ ಮಾತು. ‘ಟಣ್’ ಕೇಳಿಸಲೇ ಇಲ್ಲ. ಕೈಗೆ ಬಂದ ಮಾಲು ಬಿಟ್ಟು ಅವನು ಯಾಕೆ ಹೊರಟ ಅಂತ ಯಾರಿಗೂ ಅರ್ಥ ಆಗಲಿಲ್ಲ. ಎಷ್ಟೋ ದಿನ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ನೋಡಿದೆ. ಆ ಸದ್ದಿಗೆ ನನ್ನ ಎದೆಯೇ ಧಸಕ್ ಅಂದಿತು. ಎಷ್ಟೇ ದೊಡ್ಡ ಮೊತ್ತ ಇರಲಿ, ಒಂದು ಸದ್ದು ಅನುಮಾನ ಹುಟ್ಟಿಸಿದರೆ ಎದ್ದು ಹೋಗುವವನು ಈ ಕಳ್ಳ. ಕೈಯಳತೆಯಲ್ಲಿ ಸಿಕ್ಕವನನ್ನು ದೊಡ್ಡ ಕೇಸಿಗಾಗಿ ಬಿಟ್ಟುಕೊಡುವವನು ಈ ಪೊಲೀಸ್. ಇಬ್ಬರ ಗುಣವೂ ಒಂದೇ ನಿಮಿಷದಲ್ಲಿ, ಹೆಚ್ಚು ಮಾತಿಲ್ಲದೆ ಗೊತ್ತಾಗಿಬಿಡುತ್ತದೆ.

ಇದಾದ ಮೇಲೆ ನೀಲ್ ಪೊಲೀಸರನ್ನೇ ಒಂದು ಬಯಲು ಜಾಗಕ್ಕೆ ಬರುವ ಹಾಗೆ ಮಾಡುತ್ತಾನೆ. ಇಲ್ಲಿ ಕದಿಯಲು ಏನಿದೆ ಅಂತ ಅವರು ತಲೆ ಕೆರೆದುಕೊಳ್ಳುತ್ತಾ ನಿಂತಿರುವಾಗ ದೂರದಿಂದ ಅವರ ಫೋಟೊ ತೆಗೆಯುತ್ತಾನೆ. ಹನ್ನಾನಿಗೆ ಅದು ಹೊಳೆದ ಕ್ಷಣ ಅವನ ಮುಖ ನೋಡಬೇಕು. ಸೋತ ಸಿಟ್ಟಿಗಿಂತ ಮೆಚ್ಚುಗೆಯೇ ಜಾಸ್ತಿ.

ಎಲ್ಲರೂ ಹೊಗಳುವುದು ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿಯುವ ದೃಶ್ಯವನ್ನು. 1974ರ ‘ಗಾಡ್‌ಫಾದರ್’ ಎರಡನೇ ಭಾಗದಲ್ಲಿ ಈ ಇಬ್ಬರೂ ನಟಿಸಿದ್ದರೂ ಒಂದೇ ದೃಶ್ಯದಲ್ಲಿ ಜೊತೆಯಾಗಿ ಬಂದಿರಲಿಲ್ಲ. ಇಲ್ಲಿ ನಿರ್ದೇಶಕ ಮೈಕೆಲ್ ಮನ್ ಎರಡು ಕ್ಯಾಮೆರಾ ಇಟ್ಟು ಇಬ್ಬರನ್ನೂ ಒಟ್ಟಿಗೇ ಸೆರೆಹಿಡಿದರು. ಆ ಕಾಫಿ ಬರೀ ಕಲ್ಪನೆ ಅಲ್ಲ. ಚಕ್ ಆ್ಯಡಮ್ಸನ್ ಅನ್ನುವ ಶಿಕಾಗೊ ಪೊಲೀಸ್ ಅಧಿಕಾರಿ 1960ರ ದಶಕದಲ್ಲಿ ನೀಲ್ ಮೆಕಾಲಿ ಅನ್ನುವ ನಿಜವಾದ ಕಳ್ಳನ ಜೊತೆ ಹೀಗೇ ಕೂತು ಕಾಫಿ ಕುಡಿದಿದ್ದರು. ಮುಂದೆ ಏನಾಯಿತು ಅಂತ ಈಗಲೇ ಹುಡುಕಬೇಡಿ, ಸಿನಿಮಾದ ಕೊನೆ ಗೊತ್ತಾಗಿಬಿಡುತ್ತದೆ. ಇದೇ ಕಥೆಯನ್ನು ಮನ್ 1989ರಲ್ಲಿ ಟೀವಿಗೆ ಒಮ್ಮೆ ಮಾಡಿದ್ದರು. ಮನಸ್ಸು ತಣಿಯದೆ ಮತ್ತೆ ಮಾಡಿದರು ಅಂತ ನನಗನಿಸುತ್ತದೆ.

ಇಷ್ಟವಾಗದ್ದೂ ಇದೆ. ವೈಂಗ್ರೊ ಅನ್ನುವವನು ಹುಡುಗಿಯರನ್ನು ಕೊಲ್ಲುವ ಉಪಕಥೆ ಬೇರೆ ಸಿನಿಮಾದಿಂದ ಬಂದ ಹಾಗಿದೆ. ಹನ್ನಾನ ಮನೆಯ ಜಗಳಗಳು ಉದ್ದವಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೀಲ್‌ನ ಮನೆ ಸಮುದ್ರದ ಎದುರಿಗಿದೆ, ಒಳಗೆ ಕುರ್ಚಿ ಮೇಜು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇತ್ತ ಹನ್ನಾನಿಗೆ ಎಲ್ಲ ಇರುವ ಮನೆ ಇದ್ದರೂ ಅಲ್ಲಿ ನಿಲ್ಲಲು ಆಗುವುದಿಲ್ಲ. ಆ ಜಗಳ ತೆಗೆದುಬಿಟ್ಟರೆ ಇದು ಹೇಗೆ ಗೊತ್ತಾಗಬೇಕು?

ಬ್ಯಾಂಕ್ ದರೋಡೆ ಆದ ಮೇಲೆ ಬೀದಿಯಲ್ಲಿ ನಡೆಯುವ ಗುಂಡಿನ ಕಾಳಗಕ್ಕೆ ಅಲ್ಲೇ, ಚಿತ್ರೀಕರಣದ ಜಾಗದಲ್ಲೇ ಹಿಡಿದ ಸದ್ದನ್ನು ಬಳಸಿದ್ದಾರೆ. ಎತ್ತರದ ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಆ ಸದ್ದಿಗೆ ಕಿವಿ ಗುಂಯ್ ಅನ್ನುತ್ತದೆ. ಹಾಗಾಗಿ ದಯವಿಟ್ಟು ಫೋನಿನ ಸ್ಪೀಕರಿನಲ್ಲಿ ನೋಡಬೇಡಿ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫ್ಯಾನ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತುಕೊಳ್ಳಿ. ಆ ‘ಟಣ್’ ನಿಮಗೆ ಕೇಳಿಸಲೇಬೇಕು.